ಕಾರ್ಖಾನೆ ಬರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪ್ರಶ್ನೆ: ನಮ್ಮೂರ ಹತ್ತಿರ ಉಕ್ಕಿನ ಕಾರ್ಖಾನೆ ಬರಲಿದೆಯಂತೆ. ಸಾರ್ವಜನಿಕ ಅಹವಾಲು ಸಭೆಗೆ ನೋಟಿಸ್ ಬಂದಿದೆ. ನಮ್ಮ ಹುಡುಗರಿಗೆ ಕೆಲಸ ಬೇಕು, ನಿಜ. ಆದರೆ ಹೊಲದ ಗತಿ, ನೀರಿನ ಗತಿ ಏನು? ಬಾಯಿ ತೆರೆದರೆ ‘ಅಭಿವೃದ್ಧಿ ವಿರೋಧಿ’ ಅಂತಾರೆ. ಸಭೆಗೆ ಹೋಗಿ ಉಪಯೋಗ ಇದೆಯಾ?
– ಒಬ್ಬ ರೈತ, ಮುಂಡರಗಿ ತಾಲ್ಲೂಕು

ಉತ್ತರ: ಹೋಗಲೇಬೇಕು. ಆದರೆ ಕಾರ್ಖಾನೆಯಿಂದ ಪರಿಸರದ ಮೇಲಾಗುವ ಪರಿಣಾಮದ ಬಗ್ಗೆ ಕಂಪನಿ ಕೊಟ್ಟಿರುವ ವರದಿ ಓದಿಕೊಂಡು ಹೋಗಿ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯೂ ಅದರ ಕನ್ನಡ ಸಾರಾಂಶವೂ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿಯಲ್ಲಿ ನೋಡಲು ಸಿಗಬೇಕು. ಮೊದಲು ನಕ್ಷೆ ತೆಗೆಯಿರಿ. ನಿಮ್ಮ ಹಳ್ಳ, ಕೆರೆ, ಬೋರ್‌ವೆಲ್ ಅದರಲ್ಲಿ ಇವೆಯಾ? ಗಾಳಿ, ನೀರಿನ ಪರೀಕ್ಷೆ ಯಾವ ತಿಂಗಳಲ್ಲಿ ಆಗಿದೆ? ಹತ್ತಿ ಬಿಡಿಸುವ ಹೊತ್ತಿಗೆ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ ಅನ್ನೋದು ವರದಿ ಬರೆದವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಅರಳಿದ ಹತ್ತಿಗೆ ಕಪ್ಪು ದೂಳು ಹತ್ತಿದರೆ ಮಾರ್ಕೆಟ್ಟಿನಲ್ಲಿ ದರ ಏನಾಗುತ್ತದೆ ಅನ್ನೋದೂ ಗೊತ್ತು. ಅದನ್ನೇ ಕೇಳಿ. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿದಾಗ ಕಾರ್ಖಾನೆಗೆ ನೀರು ಎಲ್ಲಿಂದ ತರ್ತೀರಿ ಅಂತ ಕೇಳಿ.

ಸುಮ್ನೆ ‘ಬೇಡ’ ಅಂದರೆ ಅದು ಸಭೆಯ ದಾಖಲೆಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಇಂಥ ಪ್ರಶ್ನೆ ಕೇಳಿದರೆ ಕಂಪನಿ ಉತ್ತರ ಕೊಟ್ಟು, ಅದನ್ನು ಅಂತಿಮ ವರದಿಗೆ ಸೇರಿಸಬೇಕಾಗುತ್ತದೆ. ಬರಹದಲ್ಲೂ ಕೊಡಿ. ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು, ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಓದಿಸದೆ ಎದ್ದು ಬರಬೇಡಿ.

ಇನ್ನು ‘ಅಭಿವೃದ್ಧಿ ವಿರೋಧಿ’ ಅನ್ನುವ ಮಾತು. ನಿಮ್ಮ ತಾಲ್ಲೂಕಿಗೆ ಅದು ಹೊಸದೇನಲ್ಲ. ಹಳ್ಳಿಗುಡಿ ಬಳಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲ್ಲ ಅಂತ ರೈತರು ನಿಂತರು. ಗದಗಿನ ತೋಂಟದ ಸಿದ್ಧಲಿಂಗ ಶ್ರೀಗಳು ಅವರ ಜೊತೆ ನಿಂತರು. 2011ರಲ್ಲಿ ಸರ್ಕಾರ ಅಲ್ಲಿನ ಭೂಸ್ವಾಧೀನ ಕೈಬಿಟ್ಟಿತು. ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ರಕ್ಷಣೆಯನ್ನು ಸರ್ಕಾರ ವಾಪಸ್ ಪಡೆದಾಗಲೂ ಜನ ಬೀದಿಗಿಳಿದರು. 2017ರಲ್ಲಿ ಅದು ಮರಳಿ ಸಿಕ್ಕಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಜನ ಕಣ್ಣಿಡದಿದ್ದರೆ ಕಾನೂನು ಕಡತದಲ್ಲೇ ಮಲಗುತ್ತದೆ, ಅಲ್ವಾ? ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವ ಹುಡುಗನೂ ಕುಡಿಯೋದು ಅದೇ ಬೋರಿನ ನೀರು.

ಪರಿಸರ ಅನುಮತಿ ಸಿಕ್ಕರೆ, ಅದರ ವಿರುದ್ಧ ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗ್ಗೆ ಕಂಪನಿ 6 ತಿಂಗಳಿಗೊಮ್ಮೆ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಪಂಚಾಯತಿಯಿಂದ ಪತ್ರ ಬರೆಸಿ ಅದನ್ನು ತರಿಸಿಕೊಳ್ಳಿ.