ರೋಗಿಗಳ ಅನುಭವಕ್ಕೂ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಗೂ ಸಂಬಂಧವಿದೆಯೇ?

ಇದೆ. ಆದರೆ ಎಲ್ಲ ಹಲ್ಲೆಗಳಿಗೂ ಅದೇ ಕಾರಣವಲ್ಲ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಡಾ. ವಂದನಾ ದಾಸ್ ಅವರನ್ನು ಇರಿದವನು ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ. ಅಲ್ಲಿ ಆರೈಕೆಯ ಲೋಪ ಹುಡುಕುವುದು ಅನ್ಯಾಯ.

ಅತ್ಯಾಹಿತ ವಿಭಾಗದ ಬಾಗಿಲಲ್ಲಿ ಹೊತ್ತಿಕೊಳ್ಳುವ ಜಗಳಗಳ ಕಥೆ ಬೇರೆ. ಗಂಟೆಗಟ್ಟಲೆ ಕಾಯುವುದು, ಕೈಮೀರಿದ ಬಿಲ್ಲು, ಹಠಾತ್ ಸಾವು ಎಲ್ಲವೂ ಕಾರಣಗಳೇ. ಆದರೆ ಮನೆಯವರನ್ನು ಹೆಚ್ಚು ಕೆರಳಿಸುವುದು ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳದಿರುವುದು ಎಂದೇ ನನ್ನ ಅಭಿಪ್ರಾಯ. ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಎಣ್ಮಕಜೆಯಿಂದ ಅಜ್ಜಿಯನ್ನು ಕರೆತಂದವರಿಗೆ ಅರ್ಧಂಬರ್ಧ ತಿಳಿಯುವ ಮಲಯಾಳದಲ್ಲಿ ‘ಮಂಗಳೂರಿಗೆ ಒಯ್ಯಿರಿ’ ಎಂದಷ್ಟೇ ಹೇಳಿದರೆ, ಏಕೆ, ದಾರಿಯಲ್ಲಿ ಏನಾಗಬಹುದು ಎಂಬುದು ಗೊತ್ತಾಗುವುದಿಲ್ಲ. ರಾಜ್ಯದ ಗಡಿಯಾದ ತಲಪಾಡಿ ದಾಟುವ ಮೊದಲೇ ಜೀವ ಹೋದರೆ ಸಿಟ್ಟು ತಿರುಗುವುದು ಎದುರಿಗೆ ಸಿಕ್ಕ ನರ್ಸಿನ ಮೇಲೆ. ತಜ್ಞರಿಲ್ಲ, ಹಾಸಿಗೆಯಿಲ್ಲ ಎಂಬುದಕ್ಕೆ ಆಕೆ ಹೊಣೆಯಲ್ಲ.

ಆಸ್ಪತ್ರೆಗಳ ಮೇಲಿನ ಹಿಂಸೆ ತಡೆಯುವ ಕಾನೂನಿಗೆ 2023ರಲ್ಲಿ ತಂದ ತಿದ್ದುಪಡಿಯ ಬಳಿಕ ಕೇರಳದಲ್ಲಿ ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ 1ರಿಂದ 7 ವರ್ಷ ಜೈಲು. ಅದು ಸರಿಯೇ. ಅದರ ಜೊತೆಗೆ, ಕನ್ನಡ, ತುಳು ಬಲ್ಲ ಒಬ್ಬರು ಆಗಾಗ ಹೊರಬಂದು ರೋಗಿಯ ಸ್ಥಿತಿ ತಿಳಿಸುವ ವ್ಯವಸ್ಥೆ ಪ್ರತಿ ಅತ್ಯಾಹಿತ ವಿಭಾಗದಲ್ಲೂ, ರಾತ್ರಿ ಪಾಳಿಯಲ್ಲೂ ಬೇಕು.