ಮರು: ಸ್ಯಾಲಿಸಿಲಿಕ್ ಆಮ್ಲ ಕೊಟ್ಟರೂ ಶ್ಯಾಮ್ ಹಾಕಿದಾಗ ಉಸಿರಾಟ ಇಳಿಯುತ್ತಿಲ್ಲ, ಯಾಕೆ?

ಶ್ಯಾಮ್ (ಸ್ಯಾಲಿಸಿಲ್‌ಹೈಡ್ರಾಕ್ಸಾಮಿಕ್ ಆಮ್ಲ, ಪರ್ಯಾಯ ಆಕ್ಸಿಡೇಸನ್ನು ತಡೆಯುವ ರಾಸಾಯನಿಕ) ಒಂದನ್ನೇ ಹಾಕಿರುವುದೇ ಕಾರಣ ಇರಬೇಕು. ಸಸ್ಯದ ಮೈಟೊಕಾಂಡ್ರಿಯಾದಲ್ಲಿ ಉಸಿರಾಟದ ಎಲೆಕ್ಟ್ರಾನುಗಳು ಆಮ್ಲಜನಕ ಸೇರಲು ಎರಡು ದಾರಿಗಳಿವೆ: ಮುಖ್ಯವಾದ ಸೈಟೋಕ್ರೋಮ್ ದಾರಿ, ಮತ್ತೆ ಪರ್ಯಾಯ ಆಕ್ಸಿಡೇಸ್ ಎಂಬ ಕಿಣ್ವದ ದಾರಿ. ಪರ್ಯಾಯ ಆಕ್ಸಿಡೇಸ್ ಮುಚ್ಚಿದ ಕೂಡಲೇ ಎಲೆಕ್ಟ್ರಾನುಗಳು ಸೈಟೋಕ್ರೋಮ್ ದಾರಿಗೆ ಹೊರಳುತ್ತವೆ. ಅಲ್ಲಿ ಜಾಗವಿದ್ದರೆ ಆಮ್ಲಜನಕದ ಬಳಕೆ ಹಾಗೇ ಉಳಿಯುತ್ತದೆ. ಸ್ಯಾಲಿಸಿಲಿಕ್ ಆಮ್ಲ ಎಂಬ ಹಾರ್ಮೋನು ಪರ್ಯಾಯ ಆಕ್ಸಿಡೇಸನ್ನು ಏರಿಸುವ ಕೆಲಸ ಮಾಡಿಲ್ಲ ಅಂತ ಇದರಿಂದ ಹೇಳಲಾಗದು.

ಎಲೆಚೂರುಗಳನ್ನು ಕತ್ತಲಲ್ಲಿ, 25 ಡಿಗ್ರಿಯಲ್ಲಿ ಇಟ್ಟು ಮೊದಲು ಆಮ್ಲಜನಕ ಬಳಕೆಯ ಮೂಲ ದರ ಅಳೆಯಿರಿ. ಆಮೇಲೆ ಸೈಟೋಕ್ರೋಮ್ ದಾರಿ ಮುಚ್ಚಲು 1 ಮಿಲಿಮೋಲಾರ್ ಪೊಟ್ಯಾಸಿಯಂ ಸಯನೈಡ್ ಹಾಕಿ, ಆಮ್ಲಜನಕದ ಗೆರೆ ನೇರವಾಗುವ ತನಕ ಕಾಯಿರಿ. ಅದರ ಮೇಲೆ 2 ಮಿಲಿಮೋಲಾರ್ ಶ್ಯಾಮ್. ಕೊನೆಯ ಎರಡು ದರಗಳ ವ್ಯತ್ಯಾಸವೇ ಪರ್ಯಾಯ ದಾರಿಯ ಸಾಮರ್ಥ್ಯ. ಸಾಮರ್ಥ್ಯ ಮಾತ್ರ, ನೆನಪಿರಲಿ. ಜೀವಂತ ಅಂಗಾಂಶದಲ್ಲಿ ಆ ದಾರಿ ನಿಜಕ್ಕೂ ಎಷ್ಟು ನಡೆಯುತ್ತಿದೆ ಅನ್ನೋದಕ್ಕೆ ಆಮ್ಲಜನಕ-18 ಐಸೊಟೋಪ್ ವಿಧಾನವೇ ಬೇಕು.

ಶ್ಯಾಮನ್ನು ಡಿಎಂಎಸ್‌ಒದಲ್ಲಿ 1 ಮೋಲಾರ್ ಕರಗಿಸಿಟ್ಟರೆ ದ್ರಾವಕ ಶೇ. 0.2 ಮೀರುವುದಿಲ್ಲ. ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ಹೋಲಿಕೆಯೂ ಇರಲಿ. ಶ್ಯಾಮ್ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವನ್ನೂ ಕೆಣಕುತ್ತದೆ, ಹಾಗಾಗಿ ಅನುಮಾನ ಬಂದರೆ ಪರ್ಯಾಯ ಆಕ್ಸಿಡೇಸನ್ನೇ ತಡೆಯುವ ಪ್ರೊಪೈಲ್ ಗ್ಯಾಲೇಟ್‌ನಲ್ಲಿ ಮತ್ತೆ ನೋಡಿ.

ನೀವು ಕೊಟ್ಟ ಸ್ಯಾಲಿಸಿಲಿಕ್ ಆಮ್ಲದ ಪ್ರಮಾಣ ಬರೆದಿಲ್ಲ. ಮಿಲಿಮೋಲಾರ್ ಮಟ್ಟದಲ್ಲಿದ್ದರೆ ಅದೇ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತದೆ. ಇಳಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ, ಆಕ್ಸಿಡೇಸಿನ ಜೀನ್ ಚುರುಕಾಗಿ ಪ್ರೋಟೀನ್ ಕಟ್ಟಿಕೊಳ್ಳಲು ಸಮಯ ಬೇಕು. ಕತ್ತರಿಸಿದ ಗಾಯವೂ ಆಕ್ಸಿಡೇಸನ್ನು ಏರಿಸುತ್ತದೆ (ಆಲೂಗಡ್ಡೆ ಬಿಲ್ಲೆಗಳಲ್ಲಿ ಒಂದು ದಿನದಲ್ಲೇ ಎದ್ದು ಕಾಣುತ್ತದೆ), ಆದ್ದರಿಂದ ಹಾರ್ಮೋನಿಲ್ಲದ, ಅಷ್ಟೇ ಹೊತ್ತು ಇಟ್ಟ ಚೂರುಗಳು ಬೇಕೇ ಬೇಕು.

ಸಯನೈಡನ್ನು ಫ್ಯೂಮ್ ಹುಡ್‌ನಲ್ಲೇ ಬಳಸಿ. ಅದರ ತ್ಯಾಜ್ಯಕ್ಕೆ ಆಮ್ಲ ಸೋಕಲೇಬಾರದು.