ಒಂದೇ ಬಾಣಲೆಯಲ್ಲಿ ಕೋಳಿ, ಆಲೂಗಡ್ಡೆ

ಪ್ರಶ್ನೆ: ಕೆಲಸದಿಂದ ಬಂದು ಕೋಳಿ, ಆಲೂಗಡ್ಡೆ ಒಂದೇ ಬಾಣಲೆಯಲ್ಲಿ ಬೇಯಿಸುತ್ತೇನೆ. ಕೋಳಿ ಒಣಗುತ್ತದೆ, ಆಲೂಗಡ್ಡೆ ಗಟ್ಟಿಯೇ ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಮೊದಮೊದಲು ನನಗೂ ಹೀಗೇ ಆಗುತ್ತಿತ್ತು. ಎರಡನ್ನೂ ಒಟ್ಟಿಗೆ ಹಾಕುತ್ತೀರಿ, ಅಲ್ವಾ? ಆಲೂಗಡ್ಡೆಗೆ ಹೆಚ್ಚು ಹೊತ್ತು ಬೇಕು. ಅದನ್ನು 2 ಸೆಂ.ಮೀ. ಹೋಳು ಮಾಡಿ, ಎಣ್ಣೆ, ಉಪ್ಪು ಹಾಕಿ, ಮುಚ್ಚಳ ಮುಚ್ಚಿ 10 ನಿಮಿಷ ಮೊದಲೇ ಬೇಯಿಸಿ. ಆಮೇಲೆ ಬದಿಗೆ ಸರಿಸಿ ಕೋಳಿ ಇಡಿ.

ನಾನು ಯಾವಾಗಲೂ ತೊಡೆಯ ತುಂಡನ್ನೇ ತರುತ್ತೇನೆ. ಎದೆಭಾಗಕ್ಕಿಂತ ಕೊಬ್ಬು ಜಾಸ್ತಿ, ಬೇಗ ಒಣಗುವುದಿಲ್ಲ. ಮೇಲಿನ ನೀರನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಒದ್ದೆ ಇದ್ದರೆ ಕೆಂಪಗಾಗುವುದೇ ಇಲ್ಲ. 5 ನಿಮಿಷ ಮುಟ್ಟಬೇಡಿ, ಸುಮ್ನೆ ಬಿಡಿ. ನಂತರ ಮಗುಚಿ, ಉರಿ ತಗ್ಗಿಸಿ, ಮುಚ್ಚಿಡಿ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಿದೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ.